ನಲ್ಲಿ ನೀರಿನ ತಪ್ಪು ಯಾರದು?

ಚಾಮರಾಜಪೇಟೆಯ ನಮ್ಮ ಚಾಚಾ ಅವರಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದ ತಿಂಗಳಲ್ಲೇ ಅವರ ಬಲತೋಳಿಗೆ ಒಂದು ನಳಿಕೆ ಬಂತು. ಪಿಕ್ ಲೈನ್ ಎನ್ನುತ್ತಾರೆ. ಹೊರಗೆ ಕಾಣುವುದು ಪಾರದರ್ಶಕ ಪ್ಲಾಸ್ಟರಿನ ಕೆಳಗೆ ಮಲಗಿರುವ ತೆಳ್ಳನೆಯ ಪೈಪು, ಅದರ ತುದಿಗೆ ಎರಡು ಬಣ್ಣದ ಮುಚ್ಚಳ. ಒಳಗೆ ಅದು ತೋಳಿನ ರಕ್ತನಾಳದಲ್ಲಿ ಸಾಗಿ ಹೃದಯದ ಹೊಸ್ತಿಲಿನಲ್ಲಿ ನಿಂತಿರುತ್ತದೆ. ಕೀಮೋ ಔಷಧಿಗಳು ಕೈಯ ಸಣ್ಣ ನರಗಳನ್ನು ಸುಟ್ಟುಬಿಡುತ್ತವೆ. ಆದ್ದರಿಂದ ಔಷಧಿಯನ್ನು ನೇರವಾಗಿ ದೊಡ್ಡ ಪ್ರವಾಹಕ್ಕೇ ಬಿಡುವ ಏರ್ಪಾಡು ಇದು. ತಿಂಗಳುಗಟ್ಟಲೆ ಇಟ್ಟುಕೊಳ್ಳಬಹುದು, ಪ್ರತಿ ಸಲ ಸೂಜಿ ಚುಚ್ಚಿಸಿಕೊಳ್ಳುವ ಹಿಂಸೆ ಇಲ್ಲ. ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸಬೇಕು, ಪೈಪು ಕಟ್ಟಿಕೊಳ್ಳದಂತೆ ಸಲೈನ್ ಹಾಯಿಸಬೇಕು, ನೀರು ತಾಗಿಸಬಾರದು.

ಆಸ್ಪತ್ರೆಗೆ ಹೋಗದ ದಿನಗಳಲ್ಲಿ ಇದನ್ನೆಲ್ಲ ನೋಡಿಕೊಂಡವರು ಚಾಚಿ. ದಾದಿಯೊಬ್ಬರು ಎರಡು ಸಲ ತೋರಿಸಿಕೊಟ್ಟಿದ್ದರು. ಏಳನೇ ತರಗತಿಗೆ ಶಾಲೆ ಬಿಟ್ಟ ಹೆಂಗಸು, ಸ್ಪಿರಿಟ್ ಹತ್ತಿಯಿಂದ ಮುಚ್ಚಳದ ಬಾಯಿಯನ್ನು ಉಜ್ಜಿ, ಒಣಗುವವರೆಗೆ ತುಟಿಯಲ್ಲೇ ಎಣಿಸುತ್ತಾ ಕೂರುತ್ತಿದ್ದದ್ದನ್ನು ನಾನು ಕಂಡಿದ್ದೇನೆ.

ಮೂರನೇ ತಿಂಗಳಲ್ಲಿ ಒಂದು ಸಂಜೆ ಸಲೈನ್ ಹಾಯಿಸಿದ ಅರ್ಧ ಗಂಟೆಗೆ ಚಾಚಾ ಗಡಗಡ ನಡುಗತೊಡಗಿದರು. ಮೂರು ರಜಾಯಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಆಸ್ಪತ್ರೆಯಲ್ಲಿ ರಕ್ತವನ್ನು ಎರಡು ಕಡೆಯಿಂದ ತೆಗೆದರು, ಒಂದು ನಳಿಕೆಯಿಂದ, ಇನ್ನೊಂದು ಎಡಗೈಯಿಂದ. ನಳಿಕೆಯ ರಕ್ತದಲ್ಲಿ ಬ್ಯಾಕ್ಟೀರಿಯಾ ಬಹಳ ಬೇಗ ಬೆಳೆಯಿತು, ಕೈಯ ರಕ್ತದಲ್ಲಿ ಕೆಲವು ಗಂಟೆ ತಡವಾಗಿ. ಅಂದರೆ ಸೋಂಕು ನಳಿಕೆಯೊಳಗೇ ಮನೆ ಮಾಡಿದೆ. ರಿಪೋರ್ಟಿನಲ್ಲಿದ್ದ ಹೆಸರನ್ನು ಓದಲು ನನಗೇ ಎರಡು ಪ್ರಯತ್ನ ಬೇಕಾಯಿತು: ಎಲಿಜಬೆತ್‌ಕಿಂಗಿಯಾ. ಚಾಚಿ ಕೇಳಿದರು, "ಈ ಎಲಿಜಬೆತ್ ಯಾರು ಬೇಟಾ? ನಮ್ಮ ಮನೆಗೆ ಯಾಕೆ ಬಂದಳು?"

ಡಾಕ್ಟರು ಒಳ್ಳೆಯವರು, ಕೂತು ಮಾತಾಡಿದರು. ಇದು ಅಪರೂಪದ್ದು, ಸಾಮಾನ್ಯವಾಗಿ ನೀರಿನಲ್ಲಿ, ಮಣ್ಣಿನಲ್ಲಿ, ಸಿಂಕಿನ ನಲ್ಲಿಗಳಲ್ಲಿ ಇರುವಂಥದ್ದು, ಆರೋಗ್ಯವಂತರಿಗೆ ಏನೂ ಮಾಡುವುದಿಲ್ಲ ಎಂದರು. ಆಮೇಲೆ ಸಹಜವಾಗಿ ಒಂದು ಪ್ರಶ್ನೆ ಕೇಳಿದರು: "ಮನೆಯಲ್ಲಿ ನೀರು ಹೇಗಮ್ಮಾ? ಲೈನಿಗೆ ಏನಾದರೂ ನೀರು ತಾಗಿತ್ತಾ?"

ಆ ಪ್ರಶ್ನೆಯಲ್ಲಿ ಆರೋಪವಿರಲಿಲ್ಲ ಎಂದೇ ನನ್ನ ನಂಬಿಕೆ. ಆದರೆ ಚಾಚಿಯ ಮುಖ ಬಿಳಿಚಿಕೊಂಡದ್ದನ್ನು ನೋಡಿದೆ. ಹಿಂದಿನ ಶುಕ್ರವಾರ ಚಾಚಾ ಹಟ ಹಿಡಿದು ಸ್ನಾನ ಮಾಡಿದ್ದರು. ತೋಳಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಚಾಚಿಯೇ ನೀರು ಹಾಕಿದ್ದರು. ಕವರಿನ ಒಂದು ಮೂಲೆ ಬಿಚ್ಚಿಕೊಂಡಿತ್ತು. ಒರೆಸಿ, ಹೊಸ ಪ್ಲಾಸ್ಟರ್ ಹಾಕಿದ್ದರು. ನಮ್ಮ ಕಡೆಯ ಮನೆಗಳಲ್ಲಿ ಕಾವೇರಿ ನೀರು ದಿನವಿಡೀ ಬರುವುದಿಲ್ಲ. ಬಂದಾಗ ಸಂಪಿಗೆ ತುಂಬಿ, ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸಿ, ಅಲ್ಲಿಂದ ನಲ್ಲಿಗೆ. ಆ ಟ್ಯಾಂಕನ್ನು ಕೊನೆಯ ಸಲ ಯಾವಾಗ ತೊಳೆದಿದ್ದೆವು ಎಂದು ಕೇಳಿದರೆ ನಮ್ಮ ಬೀದಿಯಲ್ಲಿ ಯಾರೂ ಥಟ್ಟನೆ ಉತ್ತರ ಹೇಳಲಾರರು.

ನಳಿಕೆಯನ್ನು ತೆಗೆದರು. ಮಾಮೂಲಿ ದೊಡ್ಡ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಜಾತಿ ಅದು, ಆದರೂ ಬೇರೊಂದು ಔಷಧಿಗೆ ಬಗ್ಗಿತು. ಚಾಚಾ ಆ ಕಂಟಕದಿಂದ ಪಾರಾದರು. ಎಂಟು ತಿಂಗಳ ನಂತರ ಮೂಲ ಕಾಯಿಲೆಯಿಂದಲೇ ತೀರಿಕೊಂಡರು. ಅವರ ಸಾವಿಗೂ ಆ ಸೋಂಕಿಗೂ ನೇರ ಸಂಬಂಧವಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಆದರೆ ಸೋಂಕಿನಿಂದಾಗಿ ಕೀಮೋ ಒಂದೂವರೆ ತಿಂಗಳು ನಿಂತಿತ್ತು. ಚಾಚಿಗೆ ಅಷ್ಟೇ ಸಾಕಾಯಿತು. ಇಂದಿಗೂ ಮಾತಿನ ನಡುವೆ ಕೇಳುತ್ತಾರೆ: "ನನ್ನ ಕೈಯಿಂದಲೇ ಆಯ್ತಲ್ವಾ?"

ಈ ಪ್ರಶ್ನೆಗೆ "ಅಲ್ಲ" ಎಂದು ಹೇಳಿ ಮುಗಿಸುವುದು ಸುಲಭ. ಬಂಧುಗಳೆಲ್ಲ ಅದನ್ನೇ ಮಾಡಿದ್ದಾರೆ. ಆದರೆ ಅದು ಸುಳ್ಳಾಗಿರಬಹುದು ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಆದ್ದರಿಂದ ಆ ಉತ್ತರಕ್ಕೆ ಸಾಂತ್ವನದ ಶಕ್ತಿಯೂ ಇಲ್ಲ.

ಮೊದಲು ಆ ಎಲಿಜಬೆತ್ ಯಾರೆಂದು ಹೇಳಿಬಿಡುತ್ತೇನೆ. ಎಲಿಜಬೆತ್ ಕಿಂಗ್ ಅಮೆರಿಕದ ಒಬ್ಬ ಬ್ಯಾಕ್ಟೀರಿಯಾ ತಜ್ಞೆ. ನವಜಾತ ಶಿಶುಗಳ ಮೆದುಳು ಪೊರೆಯ ಉರಿಯೂತಕ್ಕೆ ಕಾರಣವಾಗುತ್ತಿದ್ದ ಈ ಸೂಕ್ಷ್ಮಜೀವಿಯನ್ನು ಆಕೆ 1959ರಲ್ಲಿ ಗುರುತಿಸಿದಳು. ಅವಳ ನೆನಪಿಗೆ ಈ ಕುಲಕ್ಕೆ ಅವಳ ಹೆಸರಿಟ್ಟದ್ದು 2005ರಲ್ಲಿ. ರೋಗವನ್ನು ಪತ್ತೆ ಹಚ್ಚಿದವಳ ಹೆಸರು ರೋಗಾಣುವಿಗೆ ಅಂಟಿಕೊಳ್ಳುವುದು ವಿಜ್ಞಾನದ ವಿಚಿತ್ರ ಮರ್ಯಾದೆ!

ಇಂಥವುಗಳಿಗೆ ವೈದ್ಯರು ಕೊಡುವ ವಿಶೇಷಣ 'ಅವಕಾಶವಾದಿ'. ರಾಜಕಾರಣಿಗಳಿಗೆ ನಾವು ಬಳಸುವ ಪದ. ಇದು ಅವಕ್ಕೆ ಮಾಡುವ ಅನ್ಯಾಯ ಎಂದು ನನಗನ್ನಿಸಿದೆ. ರಾಜಕಾರಣಿ ಅವಕಾಶಕ್ಕಾಗಿ ಕಾಯುತ್ತಾನೆ. ನಲ್ಲಿಯ ಬಾಯಲ್ಲಿರುವ ಈ ಜೀವಿಗೆ ಕಾಯುವುದೂ ಗೊತ್ತಿಲ್ಲ. ಅದು ಅಲ್ಲಿದೆ, ಅಷ್ಟೆ. ನೀವು ಅದರಿಂದಲೇ ಮುಖ ತೊಳೆಯುತ್ತೀರಿ, ವಜೂ ಮಾಡುತ್ತೀರಿ, ಕಾಫಿ ಲೋಟ ತೊಳೆಯುತ್ತೀರಿ. ನಿಮ್ಮ ಚರ್ಮ ಮತ್ತು ಬಿಳಿ ರಕ್ತಕಣಗಳೇ ಬಾಗಿಲು ಕಾಯುತ್ತಿರುವುದರಿಂದ ನಿಮ್ಮ ಜೀವಮಾನದಲ್ಲಿ ಅದರ ಹೆಸರೂ ತಿಳಿಯುವುದಿಲ್ಲ. ಕೀಮೋ ಆ ಕಾವಲುಗಾರರನ್ನು ಮಲಗಿಸುತ್ತದೆ, ನಳಿಕೆ ಬಾಗಿಲನ್ನು ತೆರೆದಿಡುತ್ತದೆ. ಎರಡನ್ನೂ ಮಾಡಿದವರು ನಾವೇ, ಬದುಕಿಸಬೇಕೆಂಬ ಒಳ್ಳೆಯ ಉದ್ದೇಶದಿಂದ. ಒಮ್ಮೆ ಒಳಹೊಕ್ಕ ಮೇಲೆ ಅದು ಪೈಪಿನ ಒಳಗೋಡೆಗೆ ಲೋಳೆಯ ಪದರ ಹೆಣೆದುಕೊಂಡು ಅದರೊಳಗೆ ಕೂರುತ್ತದೆ. ನಾಲ್ಕು ದಿನ ತೊಳೆಯದ ಕೊಡದೊಳಗೆ ಕೈ ಹಾಕಿದರೆ ಜಾರುವ ಪದರವಿದೆಯಲ್ಲ, ಹೆಚ್ಚುಕಡಿಮೆ ಅಂಥದ್ದೇ. ಔಷಧಿ ಆ ಪದರದ ಮೇಲೆ ಹರಿದು ಹೋಗುತ್ತದೆ, ಒಳಗಿಳಿಯುವುದು ಕಷ್ಟ. ಆದ್ದರಿಂದಲೇ ಬಹಳ ಸಲ ನಳಿಕೆಯನ್ನೇ ಕೀಳಬೇಕಾಗುತ್ತದೆ.

ಈ ಬಾಗಿಲನ್ನು ಮೊದಲು ತೆರೆದವರಲ್ಲೊಬ್ಬ ವರ್ನರ್ ಫೋರ್ಸ್‌ಮನ್ ಎಂಬ ಜರ್ಮನ್ ವೈದ್ಯ. 1929ರಲ್ಲಿ, ಮೇಲಧಿಕಾರಿ ಬೇಡವೆಂದರೂ, ಆತ ತನ್ನ ತೋಳಿನ ನಾಳದಿಂದಲೇ ಒಂದು ನಳಿಕೆಯನ್ನು ಹೃದಯದವರೆಗೆ ತೂರಿಸಿಕೊಂಡು, ಎಕ್ಸ್-ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡ. 1956ರಲ್ಲಿ ನೊಬೆಲ್ ಬಂತು. ತೆರೆದ ಬಾಗಿಲಿನ ಅಪಾಯವನ್ನು ತನ್ನ ಮೈಮೇಲೇ ಹೊತ್ತ ಮನುಷ್ಯ. ಆಮೇಲಿನವರಿಗೆಲ್ಲ ಬಾಗಿಲು ತೆರೆಯುವವನು ಒಬ್ಬ, ಅಪಾಯ ಹೊರುವವನು ಇನ್ನೊಬ್ಬ. ನೈತಿಕ ಪ್ರಶ್ನೆ ಹುಟ್ಟುವುದು ಈ ಅಂತರದಲ್ಲಿ.

ಚಾಚಾರ ಸೋಂಕು ಎಲ್ಲಿ ವಾಸವಾಗಿತ್ತು ಎನ್ನುವುದನ್ನು ಪ್ರಯೋಗಾಲಯ ಹೇಳಿತು. ಯಾರ ಕೈಯಿಂದ ಬಂತು ಎನ್ನುವುದನ್ನು ಅದು ಹೇಳಲಿಲ್ಲ, ಹೇಳಲಾರದು. ಸ್ನಾನದ ನೀರಿನಿಂದ ಇರಬಹುದು. ವಾರ್ಡಿನ ಸಿಂಕಿನಲ್ಲಿ ಕೈ ತೊಳೆದು, ಹಸಿ ಕೈಯಲ್ಲೇ ಮುಚ್ಚಳ ಮುಟ್ಟಿದವರಿಂದ ಇರಬಹುದು. ಗಡಿಬಿಡಿಯಲ್ಲಿ ಸ್ಪಿರಿಟ್ ಒಣಗುವವರೆಗೆ ಕಾಯದವರು ಒಬ್ಬರೋ ಹತ್ತು ಜನರೋ. ಹುಡುಕಿದರೆ ಸಿಗುತ್ತದೆ ಎನ್ನುವ ಭರವಸೆಯೂ ಬೇಡ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 2015-16ರಲ್ಲಿ ಇದೇ ಕುಲದ ಬ್ಯಾಕ್ಟೀರಿಯಾ 60ಕ್ಕೂ ಹೆಚ್ಚು ಮಂದಿಗೆ, ಬಹುತೇಕ ವಯಸ್ಸಾದ, ಮೊದಲೇ ಕಾಯಿಲೆಯಿದ್ದವರಿಗೆ, ತಗಲಿತು. ಜಗತ್ತಿನ ಅತ್ಯಂತ ಸುಸಜ್ಜಿತ ರೋಗ ಪತ್ತೇದಾರರು ನೀರು, ಆಹಾರ, ಔಷಧಿ ಎಲ್ಲವನ್ನೂ ಜಾಲಾಡಿದರು. ಮೂಲ ಸಿಗಲೇ ಇಲ್ಲ.

ಹೀಗೆ ಕೈ ಕಾಣದಿರುವಾಗ ನಾವು ಎರಡರಲ್ಲಿ ಒಂದು ದಾರಿ ಹಿಡಿಯುತ್ತೇವೆ. ಮೊದಲನೆಯದು "ಯಾರ ತಪ್ಪೂ ಅಲ್ಲ" ಎನ್ನುವುದು. ಆಸ್ಪತ್ರೆ ಇದನ್ನು ವೈದ್ಯಕೀಯ ಭಾಷೆಯಲ್ಲಿ ಹೇಳುತ್ತದೆ: ಇದೊಂದು ತಿಳಿದಿರುವ ತೊಡಕು, ನೀವು ಸಹಿ ಮಾಡಿದ ಕಾಗದದಲ್ಲೇ ಇದೆ. ನಮ್ಮ ಹಿರಿಯರು ತಖ್ದೀರ್ ಎನ್ನುತ್ತಾರೆ, ನೆರೆಯವರು ಹಣೆಬರಹ ಎನ್ನುತ್ತಾರೆ. ವಿಧಿಯಲ್ಲಿ ನಂಬಿಕೆ ಇಡುವುದು ಬೇರೆ, ಕೈ ತೊಳೆಯದಿದ್ದುದನ್ನು ವಿಧಿಯ ಖಾತೆಗೆ ಬರೆಯುವುದು ಬೇರೆ.

ಎರಡನೆಯದು, ಕೈಗೆ ಸಿಕ್ಕವನ ಕತ್ತು ಹಿಡಿಯುವುದು. ಇದನ್ನು ನಮ್ಮ ಬೀದಿಗೆ ಕೂಗಳತೆಯಲ್ಲೇ ಕಂಡಿದ್ದೇವೆ. ಚಾಮರಾಜಪೇಟೆಯ ಮಿಂಟೊ ಕಣ್ಣಾಸ್ಪತ್ರೆಯಲ್ಲಿ 2019ರ ಜುಲೈನಲ್ಲಿ ಪೊರೆ ತೆಗೆಸಿಕೊಂಡ 20ಕ್ಕೂ ಹೆಚ್ಚು ಬಡವರ ಕಣ್ಣು ಕೆಟ್ಟಿತು, ಹಲವರು ದೃಷ್ಟಿಯನ್ನೇ ಕಳೆದುಕೊಂಡರು. ಅದು ರಕ್ತದ ವಿಷಯವಲ್ಲ, ಆದರೆ ಪ್ರಶ್ನೆಯ ಆಕಾರ ಒಂದೇ. ಬೆರಳು ಮೊದಲು ಸೋಂಕಿನ ಕಡೆಗೆ, ಆಮೇಲೆ ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿಗೆ ಹಾಕುವ ದ್ರಾವಣದ ಕಡೆಗೆ ತಿರುಗಿತು. ತಿಂಗಳುಗಳು ಕಳೆದವು, ಪರಿಹಾರದ ಮಾತು ತಡವಾಯಿತು. ನವೆಂಬರಿನಲ್ಲಿ ಸಂಘಟನೆಯೊಂದರ ಕಾರ್ಯಕರ್ತರು ಆಸ್ಪತ್ರೆಗೆ ನುಗ್ಗಿದರು, ಕಿರಿಯ ವೈದ್ಯೆಯೊಬ್ಬರ ಮೇಲೆ ಹಲ್ಲೆಯಾಯಿತೆಂಬ ದೂರು ಎದ್ದಿತು, ವೈದ್ಯರ ಮುಷ್ಕರ ವಿಕ್ಟೋರಿಯಾ, ವಾಣಿವಿಲಾಸಗಳಿಗೂ ಹಬ್ಬಿತು. ಕಣ್ಣು ಕಳೆದುಕೊಂಡವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟು ಹೋಗಿ ತಾಗಿದ್ದು ದ್ರಾವಣ ಖರೀದಿಸಿದವರಿಗಲ್ಲ, ಪರೀಕ್ಷಿಸಿದವರಿಗಲ್ಲ, ಅಂದು ಡ್ಯೂಟಿಯಲ್ಲಿದ್ದವರಿಗೆ.

ಗಮನಿಸಿ, ಚಾಚಿ ತಮಗೆ ತಾವೇ ಮಾಡಿಕೊಂಡದ್ದೂ ಇದನ್ನೇ. ಕೈಗೆ ಸುಲಭವಾಗಿ ಸಿಕ್ಕ ಕತ್ತು ಅವರದೇ ಆಗಿತ್ತು.

ಇದರಲ್ಲಿ ನಮ್ಮ ಊರಿನ ಹಳೆಯ ಚರಿತ್ರೆಯೂ ಸ್ವಲ್ಪ ಬೆರೆತಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಆ ಹೊತ್ತಿಗೇ ಬಸವನಗುಡಿ ಮತ್ತು ಮಲ್ಲೇಶ್ವರದ ಬಡಾವಣೆಗಳು ಎದ್ದವು. ಅಗಲವಾದ ರಸ್ತೆ, ಗಾಳಿ ಬೆಳಕು, ಹಿತ್ತಿಲ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಚಾಮರಾಜಪೇಟೆ ಅದಕ್ಕಿಂತ ತುಸು ಹಿಂದಿನದು, 1892ರದು. ನಾವು ಇಂದು ಮರಗಳ ಸಾಲಿನ ಚೆಲುವೆಂದು ಮೆಚ್ಚುವ ಬೀದಿಗಳ ಹಿಂದೆ ಸೋಂಕಿನ ಭಯವಿದೆ. ಅನುಕೂಲವಿದ್ದವರು ಪೇಟೆಯ ಇಕ್ಕಟ್ಟಿನಿಂದ ಹೊರಬಂದರು, ಇಲ್ಲದವರು ಅಲ್ಲೇ ಉಳಿದರು. ರೋಗ ಬಂದಾಗ "ಕೊಳಕು ಜನ, ಇಕ್ಕಟ್ಟಿನ ಮನೆ" ಎನ್ನುವ ಮಾತು ಆಗಿನಿಂದಲೂ ಯಾರ ತಲೆಯ ಮೇಲೆ ಬೀಳುತ್ತದೆಂದು ಓದುಗರಿಗೆ ಗೊತ್ತು. ಹದಿನೈದು ಅಡಿ ಗಲ್ಲಿಯ ಹೆಂಗಸಿಗೆ "ಮನೆಯಲ್ಲಿ ನೀರು ಹೇಗಮ್ಮಾ?" ಎಂದು ಕೇಳಿದಾಗ ಅದು ಅವಳಿಗೆ ಬೇರೆಯಾಗಿಯೇ ಕೇಳಿಸುತ್ತದೆ. ದೊಡ್ಡ ಬಂಗಲೆಯವರಿಗೆ ಅದೇ ಪ್ರಶ್ನೆ ಬರಿಯ ಮಾಹಿತಿಯಾಗಿರುತ್ತದೆ.

ಪ್ರಶ್ನೆ ತಿರುಗಿ ಮೇಲಿನವರಿಗೆ ಬಂದಾಗ ಏನಾಗುತ್ತದೆ? 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಬಾಣಂತಿಯರ ಸಾವಿಗೆ ಕಾರಣ ಶವಪರೀಕ್ಷೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದ ವೈದ್ಯರ ಕೈಗಳೇ ಎಂದು ಕಂಡುಕೊಂಡ. ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಸಿದ. ಹಿಂದಿನ ವರ್ಷ ನೂರಕ್ಕೆ 11ರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ 2ರ ಆಸುಪಾಸಿಗೆ ಇಳಿಯಿತು. ಹಿರಿಯ ವೈದ್ಯರಲ್ಲಿ ಅನೇಕರಿಗೆ ಅವಮಾನವಾಯಿತು. ಸಭ್ಯರ ಕೈಗಳು ಕೊಳಕಾಗಿರಲು ಹೇಗೆ ಸಾಧ್ಯ? ಅವನು 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ, ಅದೂ ಗಾಯಕ್ಕೆ ತಗಲಿದ ಸೋಂಕಿನಿಂದ. ಆ ವೈದ್ಯರು ಕೆಟ್ಟವರಾಗಿರಲಿಲ್ಲ. ತಾವು ಒಳ್ಳೆಯವರೆಂಬ ನಂಬಿಕೆಯೇ ಅವರ ಕಣ್ಣಿಗೆ ಅಡ್ಡ ಬಂತು.

ನಮ್ಮ ನಳಿಕೆಯ ಕಥೆಯಲ್ಲಿ ಇದಕ್ಕೊಂದು ಉತ್ತರಾರ್ಧವಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯ 2001ರಲ್ಲಿ ಇಂಥ ನಳಿಕೆ ಹಾಕುವಾಗ ಮಾಡಬೇಕಾದ ಕೆಲವೇ ಕೆಲಸಗಳ ಪಟ್ಟಿ ಮಾಡಿದ. ಕೈ ತೊಳೆ, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸು, ರೋಗಿಯ ಮೈಯನ್ನು ಪೂರ್ತಿ ಹೊದಿಸು, ತೊಡೆಸಂದಿಯ ನಾಳವನ್ನು ಆದಷ್ಟು ತಪ್ಪಿಸು, ಬೇಡದ ನಳಿಕೆಯನ್ನು ಬೇಗ ತೆಗೆ. ಎಲ್ಲರಿಗೂ ಗೊತ್ತಿದ್ದದ್ದೇ. ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ಇದನ್ನು ಜಾರಿಗೆ ತಂದಾಗ ಒಂದೂವರೆ ವರ್ಷದಲ್ಲಿ ನಳಿಕೆಯ ಸೋಂಕು ಮೂರನೇ ಎರಡು ಭಾಗದಷ್ಟು ಇಳಿಯಿತೆಂದು 2006ರಲ್ಲಿ ವರದಿಯಾಯಿತು. ಪಟ್ಟಿಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮುಖ್ಯವೆನಿಸುವುದು ಅದರ ಜೊತೆಗಿದ್ದ ಇನ್ನೊಂದು ನಿಯಮ: ವೈದ್ಯ ಒಂದು ಹೆಜ್ಜೆ ತಪ್ಪಿಸಿದರೆ ದಾದಿ ಅವನನ್ನು ಅಲ್ಲೇ ನಿಲ್ಲಿಸಬಹುದು, ಆಡಳಿತ ಅವಳ ಬೆನ್ನಿಗೆ ನಿಲ್ಲುತ್ತದೆ.

ನಮ್ಮಲ್ಲಿ ಇದನ್ನು ಊಹಿಸಿಕೊಳ್ಳಿ. ರಾತ್ರಿ ಪಾಳಿಯ ಕಿರಿಯ ದಾದಿಯೊಬ್ಬಳು, ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರಿಗೆ, ಹತ್ತು ವಿದ್ಯಾರ್ಥಿಗಳ ಎದುರು, "ಸರ್, ನೀವು ಕೈ ತೊಳೆದಿಲ್ಲ" ಎನ್ನುವುದು. ನೋಡುವುದಕ್ಕೆ ಬಂದ ನಾವೂ ಕಡಿಮೆಯೇನಲ್ಲ. ದಿನಕ್ಕೆ ಐದು ಹೊತ್ತು ವಜೂ ಮಾಡುವ ನಾವೇ ಬಸ್ಸಿನ ಕಂಬಿ ಹಿಡಿದ ಕೈಯಲ್ಲಿ ಚಾಚಾರ ತೋಳು ಸವರಿ ಸಮಾಧಾನ ಹೇಳಿದ್ದೇವೆ. ಅವರನ್ನು ನೋಡಲು ಬಂದ ಹಿರಿಯರಿಗೆ ಚಾಚಿ ಕೈ ತೊಳೆಯಿರಿ ಎಂದು ಹೇಳುವುದುಂಟೇ? ಅದಬ್ ಅಡ್ಡ ಬರುತ್ತದೆ.

ಇಲ್ಲಿ ಹನಫಿ ಫಿಕ್ಹ್‌ನ ಒಂದು ಹಳೆಯ ಅಧ್ಯಾಯ ನೆನಪಾಗುತ್ತದೆ. ನಾನು ಪಂಡಿತನಲ್ಲ, ಆದರೆ ಇದರ ವಿವೇಕ ಪಂಡಿತರಿಗೆ ಮಾತ್ರ ಮೀಸಲಲ್ಲ. ಕಸಾಮತ್ ಎಂದು ಅದರ ಹೆಸರು. ಒಂದು ಮೊಹಲ್ಲಾದಲ್ಲಿ ಕೊಲೆಯಾದವನ ದೇಹ ಸಿಕ್ಕಿದೆ, ಕೊಂದವನು ಯಾರೆಂದು ಗೊತ್ತಿಲ್ಲ. ಆಗ ಆ ಮೊಹಲ್ಲಾದ 50 ಮಂದಿ, ತಾವು ಕೊಂದಿಲ್ಲ, ಕೊಂದವನನ್ನೂ ಅರಿಯೆವು ಎಂದು ದೇವರ ಹೆಸರಿನಲ್ಲಿ ಆಣೆ ಮಾಡಬೇಕು. ಆಣೆ ನಿಜವಾದರೆ ಅವರು ನಿರ್ದೋಷಿಗಳು, ಮನೆಗೆ ಹೋಗಬಹುದು ಎಂದು ನಾವು ಇಂದು ಅಂದುಕೊಳ್ಳುತ್ತೇವೆ. ಹನಫಿ ನ್ಯಾಯಶಾಸ್ತ್ರ ಹಾಗೆ ಹೇಳುವುದಿಲ್ಲ. ಆಣೆಯ ನಂತರವೂ ಮೊಹಲ್ಲಾದವರು ಸತ್ತವನ ಮನೆಗೆ ದಿಯತ್ ಕೊಡಬೇಕು. ಏಕೆಂದರೆ ಆ ಜಾಗದ ರಕ್ಷಣೆ ಅವರ ವಶದಲ್ಲಿತ್ತು. ಗೊತ್ತಿಲ್ಲ ಎನ್ನುವುದು ಸತ್ಯವಾದ ಮಾತು, ಆದರೆ ಅಲ್ಲಿಗೆ ಮಾತು ಮುಗಿಯುವುದಿಲ್ಲ. ಗುನಾಹ್ ಬೇರೆ, ಹೊಣೆ ಬೇರೆ.

ಇದರ ಇನ್ನೊಂದು ಎಳೆ ನನ್ನನ್ನು ಬಹಳ ಕಾಡಿದೆ. ಈ ಹೊಣೆಯಿಂದ ಮಕ್ಕಳಿಗೂ ಹೆಂಗಸರಿಗೂ ವಿನಾಯಿತಿ ಇತ್ತು. ಅವರು ಕಾವಲು ಕಾಯುವ ಬಲವುಳ್ಳವರಲ್ಲ ಎಂಬುದು ಕಾರಣ. ಹೆಂಗಸರಿಗೆ ಬಲವಿಲ್ಲವೆನ್ನುವ ಆ ಕಾಲದ ಗ್ರಹಿಕೆಯನ್ನು ನಾನು ಒಪ್ಪಬೇಕಾಗಿಲ್ಲ. ಆದರೆ ಅದರ ತಿರುಳು ಒಪ್ಪುವಂಥದ್ದು: ಯಾರಿಗೆ ತಡೆಯುವ ಅಧಿಕಾರವಿಲ್ಲವೋ ಅವರ ಮೇಲೆ ತಡೆಯದಿದ್ದುದರ ಹೊಣೆಯನ್ನೂ ಹೊರಿಸಬೇಡಿ. ದಾದಿಗೆ ಡಾಕ್ಟರನ್ನು ನಿಲ್ಲಿಸುವ ಹಕ್ಕು ಕೊಡದೆ ಸೋಂಕಿಗೆ ಅವಳನ್ನು ಸಸ್ಪೆಂಡ್ ಮಾಡುವ ಆಡಳಿತ ಈ ಮಾತನ್ನು ಕೇಳಿಸಿಕೊಳ್ಳಬೇಕು.

ಹಾಗಾದರೆ ಮೊಹಲ್ಲಾ ಎಲ್ಲಿಯವರೆಗೆ? ಆಸ್ಪತ್ರೆಯ ಗೇಟಿಗೆ ಅದು ಮುಗಿಯುವುದಿಲ್ಲ. ಮುಂಬೈನ ಆಸ್ಪತ್ರೆಯೊಂದರ ಕೀಮೋ ಡೇಕೇರ್ ವಿಭಾಗದಲ್ಲಿ ಬರ್ಖೋಲ್ಡೇರಿಯಾ ಎಂಬ ಇನ್ನೊಂದು ನೀರುವಾಸಿ ಬ್ಯಾಕ್ಟೀರಿಯಾ ರೋಗಿಗಳ ರಕ್ತ ಸೇರಿದ ಪ್ರಕರಣ 2015ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಹುಡುಕಿದವರಿಗೆ ಮೂಲ ಸಿಕ್ಕಿತು. ಕೀಮೋದ ವಾಂತಿ ನಿಲ್ಲಿಸಲು ಕೊಡುತ್ತಿದ್ದ ಚುಚ್ಚುಮದ್ದು ಕಾರ್ಖಾನೆಯಿಂದಲೇ ಕಲುಷಿತವಾಗಿ ಬಂದಿತ್ತು. ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಶಂಕೆ ಹೋದದ್ದು ಡ್ರಿಪ್ಪಿನ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಕಡೆಗೆ. ಸರ್ಕಾರ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಹಾಗಾಗಿ ಔಷಧಿ ತಯಾರಿಸುವವನು, ಟೆಂಡರ್ ಕರೆಯುವವನು, ಪರೀಕ್ಷಿಸಿ ಸಹಿ ಹಾಕುವವನು, ಸಂಪಿಗೆ ನೀರು ಬಿಡುವವನು ಎಲ್ಲರೂ ಒಂದೇ ಮೊಹಲ್ಲಾದವರು.

ಇಷ್ಟೆಲ್ಲ ಹೊಣೆ ಹೊರಿಸಿದರೆ ಡಾಕ್ಟರುಗಳು ಕಷ್ಟದ ರೋಗಿಗಳನ್ನು ಮುಟ್ಟುವುದೇ ಇಲ್ಲ ಎಂದು ವೈದ್ಯಮಿತ್ರರೊಬ್ಬರು ವಾದಿಸಿದರು. ಈ ವಾದದಲ್ಲಿ ತೂಕವಿದೆ. ನಳಿಕೆ ಹಾಕದಿದ್ದರೆ ಸೋಂಕೂ ಇಲ್ಲ, ಚಿಕಿತ್ಸೆಯೂ ಇಲ್ಲ. ಆದರೆ ನಾನು ಕೇಳುತ್ತಿರುವುದು ಜೈಲು, ದಂಡಗಳನ್ನಲ್ಲ. ಲೆಕ್ಕ ಕೇಳುತ್ತಿದ್ದೇನೆ. ದೆಹಲಿಯ ಏಮ್ಸ್ ನೇತೃತ್ವದಲ್ಲಿ ದೇಶದ ಹಲವು ಆಸ್ಪತ್ರೆಗಳು ನಳಿಕೆಯ ಸೋಂಕುಗಳನ್ನು ಒಂದೇ ಕ್ರಮದಲ್ಲಿ ಎಣಿಸತೊಡಗಿವೆ. ಎಣಿಸುವ ಆಸ್ಪತ್ರೆಯಲ್ಲಿ ಸೋಂಕು ಹೆಚ್ಚೆಂದು ಕಾಣುತ್ತದೆ, ಎಣಿಸದ ಆಸ್ಪತ್ರೆ ಪರಿಶುದ್ಧವಾಗಿ ಕಾಣುತ್ತದೆ! ಆದ್ದರಿಂದ ಎಣಿಸುವುದಕ್ಕೂ ಧೈರ್ಯ ಬೇಕು. ಎಣಿಸಿದ್ದನ್ನು ರೋಗಿಯ ಮನೆಯವರ ಮುಂದೆ ಇಡುವುದಕ್ಕೆ ಇನ್ನೂ ಹೆಚ್ಚಿನ ಧೈರ್ಯ ಬೇಕು. ದಿಯತ್ ಎಂದರೆ ಯಾವಾಗಲೂ ಹಣವೇ ಆಗಬೇಕಿಲ್ಲ. "ನಮ್ಮ ವಾರ್ಡಿನ ಸಿಂಕನ್ನೂ ಪರೀಕ್ಷೆಗೆ ಕಳಿಸಿದ್ದೇವೆ ಅಮ್ಮಾ" ಎಂಬ ಒಂದು ಮಾತು ಆ ದಿನ ಚಾಚಿಗೆ ಸಿಕ್ಕಿದ್ದರೆ ಅವರ ಪಾಲಿನ ಭಾರದಲ್ಲಿ ಅರ್ಧ ಇಳಿಯುತ್ತಿತ್ತು. ನಾವೂ ಕೇಳಲಿಲ್ಲ. ಓದಿದವನೆಂದು ಜೊತೆಗೆ ಹೋಗಿದ್ದ ನಾನೂ ಕೇಳಲಿಲ್ಲ.

ಕಳೆದ ಮುಹರ್ರಮ್ ತಿಂಗಳಲ್ಲಿ ಅವರ ಮನೆಗೆ ಹೋದಾಗ ಕಸಾಮತ್‌ನ ಈ ವಿಷಯ ಹೇಳಿದೆ. ಮನೆಮಾತಿನಲ್ಲೇ, ಆದಷ್ಟು ಸರಳವಾಗಿ. ಚಾಚಿ ಪೂರ್ತಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಅಂದ್ರೆ ನನ್ನ ಕೈನೂ ಇರಬಹುದು, ಅಲ್ವಾ?" ಎಂದರು. "ಇರಬಹುದು ಚಾಚಿ. ನಿಮ್ಮದೊಂದೇ ಅಲ್ಲ" ಎಂದೆ. ಅವರು ತಲೆಯಾಡಿಸಿದರು. ಎದುರು ಮನೆಯ ಹುಡುಗನಿಗೆ ಡಯಾಲಿಸಿಸ್ ಶುರುವಾಗಿದೆಯಂತೆ, ಕತ್ತಿನಲ್ಲಿ ನಳಿಕೆ ಹಾಕಿದ್ದಾರಂತೆ. ಮೇಲಿನ ಟ್ಯಾಂಕ್ ತೊಳೆಯುವವನ ಫೋನ್ ನಂಬರು ನನ್ನ ಹತ್ತಿರ ಇದೆಯೇ ಎಂದು ಕೇಳಿದರು. ಅವರ ಮನೆಯದ್ದನ್ನೂ ನಮ್ಮ ಮನೆಯದ್ದನ್ನೂ ಒಟ್ಟಿಗೆ ತೊಳೆಸಿದರೆ ಅವನು ಸ್ವಲ್ಪ ಕಡಿಮೆಗೆ ಬರುತ್ತಾನೆ ಎಂದರು.